ಇಪ್ಪತ್ತೆಂಟು ವೋಲ್ಟಿನ ಗಾಡಿ

ಆ ದಿನ ಬೆಳಿಗ್ಗೆ ಆಕಾಶಕ್ಕೆ ಮಳೆ ಸುರಿಸುವ ಮನಸ್ಸೂ ಇರಲಿಲ್ಲ, ಬಿಸಿಲು ಬಿಡುವ ಮನಸ್ಸೂ ಇರಲಿಲ್ಲ. ಹಿಂದಿನ ಸಂಜೆ ಬಂದ ಮೋಡ, ಎದ್ದು ಹೋಗಲು ಮರೆತ ನೆಂಟನ ಹಾಗೆ, ಸೂರಿನ ಮೇಲೆಯೇ ಕೂತಿತ್ತು. ಅಂಗಳದ ತಂತಿಯ ಮೇಲಿನ ಬಟ್ಟೆಗಳು ಪೂರ್ತಿ ಒಣಗಿರಲಿಲ್ಲ, ಒದ್ದೆ ಎನ್ನುವ ಹಾಗೂ ಇರಲಿಲ್ಲ. ಲೋಕವೇ ಹೀಗೆ ಅತ್ತಲೂ ಅಲ್ಲದೆ ಇತ್ತಲೂ ಅಲ್ಲದೆ ನಿಂತಿದ್ದ ಹೊತ್ತಿನಲ್ಲಿ ಗುಲಗಂಜಿಯವರು ಕಚೇರಿಗೆ ಹೊರಟು ಮೋಟರ್ ಸೈಕಲ್ಲಿನ ಸೆಲ್ಫ್ ಗುಂಡಿ ಒತ್ತಿದರು. ಗಾಡಿ ‘ಟಿಕ್’ ಎಂದಿತು. ಇನ್ನೊಮ್ಮೆ ಒತ್ತಿದರು. ಈ ಸಲ ಅಷ್ಟು ಹೇಳುವುದಕ್ಕೂ ಅದಕ್ಕೆ ಮನಸ್ಸಾಗಲಿಲ್ಲ.

ಗುಲಗಂಜಿ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಪೇಟೆಯ ಅಂಗಡಿಯವರು ಕಟ್ಟಿದ್ದು. ಅವರು ಅಳತೆ ಮತ್ತು ತೂಕದ ಕಚೇರಿಯಲ್ಲಿ ಮುದ್ರೆ ಹಾಕುವ ಕೆಲಸದವರು. ತಕ್ಕಡಿ, ತೂಕದ ಕಲ್ಲು, ಎಣ್ಣೆಯ ಅಳತೆ, ಬಟ್ಟೆ ಅಂಗಡಿಯ ಗಜಕಡ್ಡಿ, ಯಾವುದೇ ಆಗಲಿ ಅವರ ಮುದ್ರೆ ಬೀಳದೆ ಪೇಟೆಯಲ್ಲಿ ಓಡಾಡುವ ಹಾಗಿರಲಿಲ್ಲ. ಒಂದು ಗುಲಗಂಜಿ ತೂಕ ಆಚೀಚೆ ಆದರೂ ಅವರ ಹುಬ್ಬು ಮೇಲೇರುತ್ತಿತ್ತು. ಹೆಸರು ಹಾಗೆ ಬಂತು. ಅವರಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಅದನ್ನು ಒಂದು ಬಿರುದೆಂದೇ ತಿಳಿದು ಗಂಭೀರವಾಗಿ ನಡೆದಾಡುತ್ತಿದ್ದರು. ಗುಲಗಂಜಿಗೆ ಕೆಂಪು ಮೈಯ ಜೊತೆಗೆ ಒಂದು ಕಪ್ಪು ಚುಕ್ಕೆಯೂ ಇರುತ್ತದೆ ಎಂದು ನೆನಪಿಸುವ ಧೈರ್ಯ ಅಂಗಡಿಯವರಿಗೆ ಬಂದಿರಲಿಲ್ಲ.

ಗಾಡಿ ಅವರದಲ್ಲ, ಮಾವನವರದು. ತೊಡಕೆಲ್ಲ ಅಲ್ಲೇ ಇತ್ತು. ಮಾವನವರು ರೈಲು ಓಡಿಸಿ ನಿವೃತ್ತರಾದವರು. ಕಣ್ಣಿಗೆ ಪೊರೆ ಬಂದ ಮೇಲೆ ಗಾಡಿಯನ್ನು ಹಿರಿಯ ಅಳಿಯನಿಗೆ ಒಪ್ಪಿಸುತ್ತ ಒಂದೇ ಮಾತು ಹೇಳಿದ್ದರು: “ಅಳಿಯಂದಿರೇ, ಹೊರಡು ಅಂದಾಗ ಹೊರಡೋವರೆಗೂ ಗಾಡಿ ನಿಮ್ಮದು. ಹೊರಡದೇ ಇರೋ ದಿವಸ ಚಿಕ್ಕ ಅಳಿಯಂದಿರದು.” ಆ ಚಿಕ್ಕ ಅಳಿಯ, ಅಂದರೆ ಗುಲಗಂಜಿಯವರ ಷಡ್ಡಕ, ಅಂದಿನಿಂದ ಮನೆಗೆ ಬಂದಾಗಲೆಲ್ಲ ಗಾಡಿಯ ಮೇಲೊಮ್ಮೆ ಕೂತು, ಕನ್ನಡಿಗಳನ್ನು ತನ್ನ ಎತ್ತರಕ್ಕೆ ತಿರುಗಿಸಿ ನೋಡಿ, ನಿಟ್ಟುಸಿರು ಬಿಟ್ಟು ಇಳಿಯುತ್ತಿದ್ದ. ಬರುವ ಭಾನುವಾರ ಇಬ್ಬರೂ ಊಟಕ್ಕೆ ಬರುವವರಿದ್ದರು.

ಗಾಡಿ ಕೈತಪ್ಪಿದರೆ ಗುಲಗಂಜಿಯವರಿಗೆ ಬಸ್ಸೇ ಗತಿ. ಬಸ್ಸಿನ ಬಾಗಿಲಲ್ಲಿ ಜೋತಾಡುವವನ ಮುದ್ರೆಗೆ ಯಾವ ಅಂಗಡಿಯವನು ಹೆದರುತ್ತಾನೆ? ಇದು ಅವರು ಹೊರಗೆ ಹೇಳುತ್ತಿದ್ದ ಕಾರಣ. ಒಳಗಿನ ಕಾರಣ ಬೇರೆ ಇತ್ತು. ಮನೆಯೊಳಗೆ ಹೆಂಡತಿ ಮುಂದೆ, ಅವರು ಹಿಂದೆ. ಸಂಜೆ ಗಾಡಿ ಹತ್ತಿದಾಗ ಮಾತ್ರ ಅವರು ಮುಂದೆ, ಹೆಂಡತಿ ಹಿಂದೆ, ಆಕೆಯ ಕೈ ಅವರ ಹೆಗಲ ಮೇಲೆ. ಭಗವಂತ ಒಬ್ಬೊಬ್ಬರಿಗೆ ಒಂದೊಂದು ಸಿಂಹಾಸನ ಕೊಟ್ಟಿರುತ್ತಾನೆ. ಇವರದಕ್ಕೆ ಎರಡು ಚಕ್ರ ಇದ್ದವು.

ಗಾಡಿಯನ್ನು ತಳ್ಳಿಕೊಂಡು ಬೀದಿಯ ತಿರುವಿನ ಮೇಸ್ತ್ರಿಯ ಬಳಿಗೆ ಹೋದರು. ಅವನನ್ನು ಕಿವಿ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಯಾವ ಗಾಡಿ ಬಂದರೂ ಟ್ಯಾಂಕಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಯಾರದೋ ಗುಟ್ಟು ಕೇಳಿಸಿಕೊಂಡವನ ಹಾಗೆ ತಲೆಯಾಡಿಸುವುದು ಅವನ ಪದ್ಧತಿ. ಅದರಿಂದ ಗಾಡಿಗಳಿಗೆ ಏನಾಗುತ್ತಿತ್ತೋ ಗೊತ್ತಿಲ್ಲ, ಗಿರಾಕಿಗಳಿಗೆ ಭಕ್ತಿ ಬರುತ್ತಿತ್ತು.

ಅವನು ಗಾಡಿಯನ್ನು ನೂಕಿ ಸ್ಟಾರ್ಟ್ ಮಾಡಿದ, ಕಿವಿ ಹಚ್ಚಿದ, ಕಣ್ಣು ತೆರೆದ.

“ರೆಕ್ಟಿಫೈಯರ್ ಹೋಗಿದೆ ಸಾರ್.”

“ಹಾಗಂದ್ರೆ?”

“ಇಂಜಿನ್ ಒಳಗಡೆ ಕಾಯಿಲ್ ಕರೆಂಟು ಹುಟ್ಟಿಸತ್ತೆ. ಆ ಕರೆಂಟು ಹಗ್ಗ ಕಿತ್ಕೊಂಡ ಹಸು ಇದ್ದಂಗೆ, ಮುಂದಕ್ಕೂ ಹಿಂದಕ್ಕೂ ಓಡಾಡ್ತಾನೇ ಇರತ್ತೆ. ರೆಕ್ಟಿಫೈಯರ್ ಅದನ್ನ ಹಿಡಿದು, ಒಂದೇ ದಾರೀಲಿ ಹೊಡ್ಕೊಂಡು ಬಂದು, ಬ್ಯಾಟರಿ ಅನ್ನೋ ಕೊಟ್ಟಿಗೇಲಿ ಕಟ್ಟತ್ತೆ. ಈಗ ಹೊಡ್ಕೊಂಡು ಬರೋನೇ ಸತ್ತಿದಾನೆ. ಬ್ಯಾಟರಿ ಹಾಲಿಲ್ಲದ ಮನೆ ಆಗಿದೆ.”

“ಅದು ನಿನಗೆ ಹೇಗೆ ಗೊತ್ತಾಯ್ತು?”

ಮೇಸ್ತ್ರಿ ಮೂಲೆಯಿಂದ ತನ್ನ ಟೆಸ್ಟ್ ಲ್ಯಾಂಪ್ ತಂದ. ಒಂದು ಹಳೆಯ ಬಲ್ಬು, ಅದಕ್ಕೆ ಬೆಸೆದ ಎರಡು ವೈರು, ಅಷ್ಟೆ. ಅದನ್ನು ಬ್ಯಾಟರಿಗೆ ತಾಗಿಸಿ ಆಕ್ಸಿಲರೇಟರ್ ತಿರುವಿದ. “ನೋಡಿ, ಎಷ್ಟು ತಿರುವಿದ್ರೂ ಮಂಕು. ಚಾರ್ಜ್ ಆಗ್ತಿದ್ರೆ ಝಗ್ ಅನ್ನಬೇಕು.”

“ಮಂಕು ಅಂದ್ರೆ ಎಷ್ಟು?”

“ಮಂಕು ಅಂದ್ರೆ ಮಂಕು ಸಾರ್.”

“ಒಂದು ಲೆಕ್ಕ ಇರಬೇಕಲ್ಲಪ್ಪ. ಅರ್ಧ ಮಂಕೋ, ಮುಕ್ಕಾಲು ಮಂಕೋ?”

ಮೇಸ್ತ್ರಿ ಬಲ್ಬನ್ನು ನೋಡಿದ, ಗುಲಗಂಜಿಯವರ ಮುಖ ನೋಡಿದ. “ನಮ್ಮ ಚಿಕ್ಕಪ್ಪ ಇದಾನೆ ಸಾರ್, ಹೆಚ್ಚುಕಮ್ಮಿ ಅವನಷ್ಟು” ಎಂದ.

ಗುಲಗಂಜಿಯವರು ಬಲ್ಬನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಎಲ್ಲಿಯೂ ಮುದ್ರೆ ಇರಲಿಲ್ಲ. ಅಂಕಿ ಇರಲಿಲ್ಲ. ತಯಾರಿಸಿದವರ ಹೆಸರೂ ಇರಲಿಲ್ಲ. ಈ ಮನುಷ್ಯ ಇಷ್ಟು ವರ್ಷ ಇದರಿಂದ ಜನರ ಗಾಡಿಗಳನ್ನು ಅಳೆದು, ಅಳೆದದ್ದಕ್ಕೆ ತಕ್ಕಂತೆ ಸಾಮಾನು ಬದಲಾಯಿಸುತ್ತ ಬಂದಿದ್ದಾನೆ! ಅವರ ರಕ್ತ ಕುದಿಯಿತು. “ಮುದ್ರೆ ಇಲ್ಲದ ಅಳತೆ ಸಾಧನ. ವಶಕ್ಕೆ ತಗೊಂಡಿದೀನಿ” ಎಂದು ಅದನ್ನು ಚೀಲಕ್ಕೆ ಹಾಕಿಕೊಂಡರು.

“ಸಾರ್, ಅದು ಬಲ್ಬು!”

“ಮೋಸ ಮಾಡೋ ತಕ್ಕಡೀನೂ ಹೀಗೇ ಅಂತಾನೆ, ನಾನು ಬರೀ ತಟ್ಟೆ ಅಂತ.”

ಬ್ಯಾಟರಿಯನ್ನು ಚಾರ್ಜಿಗೆ ಹಾಕಿಸಿ, ಅದೇ ಮಧ್ಯಾಹ್ನ ಗುಲಗಂಜಿಯವರು ಎಲೆಕ್ಟ್ರಿಕ್ ಸಾಮಾನಿನ ಅಂಗಡಿಗೆ ಹೋಗಿ ಒಂದು ಮೀಟರು ಕೊಂಡರು. ಅಂಗೈಯಗಲದ ಹಳದಿ ಪೆಟ್ಟಿಗೆ, ಕೆಂಪು ವೈರೊಂದು, ಕಪ್ಪು ವೈರೊಂದು, ನಡುವೆ ಗುಂಡನೆಯ ತಿರುಪು, ಮೇಲೆ ಅಂಕಿ ಮೂಡುವ ಕಿಟಕಿ. ಅಂಗಡಿಯವನು ಮೀಟರು ಕೆಲಸ ಮಾಡುತ್ತದೆಂದು ತೋರಿಸಲು ಗೋಡೆಯ ಪ್ಲಗ್ಗಿಗೆ ವೈರು ತೂರಿಸಿದ. ಅಂಕಿ ಮೂಡಿತು. “ಚೆನ್ನಾಗಿದೆ ಸಾರ್. ಆಮೇಲೆ ನಿಮಗೆ ಬೇಕಾದ ಹಾಗೆ ತಿರುಪು ತಿರುಗಿಸ್ಕೊಳ್ಳಿ” ಎಂದು ಕೊಟ್ಟುಬಿಟ್ಟ.

ಬೇಕಾದ ಹಾಗೆ ತಿರುಗಿಸಿಕೊಳ್ಳುವ ಅಳತೆ! ಗುಲಗಂಜಿಯವರಿಗೆ ಕಿವಿಯಲ್ಲಿ ಸೀಸ ಹೊಯ್ದಂತಾಯಿತು. ಹೀಗೆ ಬೇಕಾದ ಹಾಗೆ ತಿರುಗಿಸಿಕೊಂಡವರ ಅಂಗಡಿಗಳನ್ನಲ್ಲವೇ ಅವರು ಇಷ್ಟು ವರ್ಷ ಮುಚ್ಚಿಸುತ್ತ ಬಂದದ್ದು? ನೆಟ್ಟಗೆ ಕಚೇರಿಗೆ ಹೋದರು. ಅರಗು ಕರಗಿಸಿದರು. ತಿರುಪು ಅಂಗಡಿಯವನು ನಿಲ್ಲಿಸಿದ್ದಲ್ಲೇ ಇನ್ನೆಂದೂ ಅಲುಗದ ಹಾಗೆ ಅದರ ಸುತ್ತ ಅರಗು ತುಂಬಿ, ಮೇಲೆ ಕಚೇರಿಯ ಹಿತ್ತಾಳೆ ಮುದ್ರೆಯನ್ನು ಒತ್ತಿಬಿಟ್ಟರು.

ಈ ಮೀಟರುಗಳ ಸ್ವಭಾವವನ್ನು ಇಲ್ಲಿ ಒಂದು ಮಾತಿನಲ್ಲಿ ಹೇಳಬೇಕು. ಗೋಡೆಯ ಕರೆಂಟು ಹಿಂದೆ ಮುಂದೆ ಓಲಾಡುವ ಜಾತಿಯದು, ಬ್ಯಾಟರಿಯದು ನೆಟ್ಟಗೆ ನಡೆಯುವ ಜಾತಿಯದು. ತಿರುಪಿನ ಒಂದು ಕಡೆ ಅಲೆಯಂಥ ಗೆರೆ ಬರೆದಿರುತ್ತದೆ, ಅದು ಓಲಾಡುವುದಕ್ಕೆ. ಇನ್ನೊಂದು ಕಡೆ ನೇರ ಗೆರೆ, ಅದು ನೆಟ್ಟಗಿರುವುದಕ್ಕೆ. ಅಲೆಯ ಮೇಲೆ ತಿರುಪಿಟ್ಟು ಬ್ಯಾಟರಿ ಅಳೆದರೆ ಅಗ್ಗದ ಮೀಟರು ಇದ್ದದ್ದನ್ನು ದುಪ್ಪಟ್ಟಿಗೂ ಮಿಕ್ಕಿ ಹೇಳುತ್ತದೆ. ವೈರು ಅದಲುಬದಲಾದರೆ ಏನೂ ಇಲ್ಲವೆಂದೇ ಹೇಳುತ್ತದೆ. ಮನುಷ್ಯರಲ್ಲೂ ಇಂಥವರು ಇದ್ದಾರೆ. ಒಂದು ಕಡೆಯಿಂದ ಕೇಳಿದರೆ ಲಕ್ಷಾಧಿಪತಿ, ಬೇರೆ ಕಡೆಯಿಂದ ಕೇಳಿದರೆ ದಿವಾಳಿ. ಗುಲಗಂಜಿಯವರು ಅಲೆಯ ಮೇಲೆಯೇ ಮುದ್ರೆ ಹಾಕಿದ್ದರು.

ಸಂಜೆ ಅಂಗಳದಲ್ಲಿ ಬ್ಯಾಟರಿಗೆ ವೈರು ತಾಗಿಸಿದರು. ಕಿಟಕಿಯಲ್ಲಿ ಇಪ್ಪತ್ತೆಂಟು ಮೂಡಿತು.

“ಬಾರೇ ಇಲ್ಲಿ!” ಎಂದು ಹೆಂಡತಿಯನ್ನು ಕೂಗಿದರು. “ಹನ್ನೆರಡು ಇರಬೇಕಾದ ಕಡೆ ಇಪ್ಪತ್ತೆಂಟಿದೆ. ಆ ಮೇಸ್ತ್ರಿ ಕರೆಂಟು ಕಮ್ಮಿ ಅಂತಾನೆ! ಕಮ್ಮಿ ಅಲ್ಲ ಕಣೆ, ಜಾಸ್ತಿಯಾಗಿ ಉಸಿರುಕಟ್ಟಿದೆ.”

“ಜಾಸ್ತಿ ಇದ್ರೆ ಬೆಳಿಗ್ಗೆ ಯಾಕ್ರೀ ಸ್ಟಾರ್ಟ್ ಆಗ್ಲಿಲ್ಲ?”

“ಜಾಸ್ತಿ ಉಂಡವನು ಎದ್ದು ನಡೀತಾನಾ?”

“ನೀವು ನಡೀತೀರಲ್ಲ” ಎಂದಳು ಹೆಂಡತಿ. “ಸುಮ್ನೆ ಆ ಮೇಸ್ತ್ರಿ ಹೇಳಿದ್ದು ಹಾಕಿಸ್ಬಾರ್ದಾ? ಭಾನುವಾರ ಅಪ್ಪ ಬರ್ತಾರೆ.”

“ಅವನ ಹತ್ರ ಮುದ್ರೆ ಇಲ್ಲ.”

“ನಿಮ್ಮಮ್ಮ ನಿಮ್ಮನ್ನ ಹೆತ್ತಾಗ ಮುದ್ರೆ ನೋಡಿ ಎತ್ಕೊಂಡಿದ್ರಾ?”

ಆದರೂ ಹೆಂಡತಿಯ ಮಾತು ಮೀರುವಂತಿರಲಿಲ್ಲ. ಮರುದಿನ ಕಿವಿ ಮೇಸ್ತ್ರಿ ಅಂಗಳಕ್ಕೇ ಬಂದ. ಕೈಯಲ್ಲಿ ಹೊಸ ರೆಕ್ಟಿಫೈಯರ್ ಇತ್ತು, ಬೆನ್ನಿಗೆ ಏಣು ಏಣಾಗಿ ಗೀರಿರುವ, ಅಂಗೈಗೆ ಹಿಡಿಸುವ ಲೋಹದ ತುಂಡು. ಸೀಟಿನ ಕೆಳಗಿನ ಎರಡು ನಟ್ಟು ಬಿಚ್ಚಿ ಹಳೆಯದನ್ನು ಇಳಿಸಿದ, ಹೊಸದನ್ನು ಕೂರಿಸಿದ, ಪ್ಲಗ್ಗು ತಳ್ಳಿದ, ಗಾಡಿ ಸ್ಟಾರ್ಟ್ ಮಾಡಿದ. ಮುಂದಿನ ದೀಪ ಹಗಲಲ್ಲೂ ಕಣ್ಣು ಕುಕ್ಕಿತು. ಹಾರ್ನು ಒತ್ತಿದರೆ ಪಕ್ಕದ ಬೀದಿಯ ನಾಯಿ ಉತ್ತರ ಕೊಟ್ಟಿತು.

“ಕೇಳಿ ಸಾರ್, ಗಾಡಿ ನಗ್ತಾ ಇದೆ” ಎಂದ ಮೇಸ್ತ್ರಿ.

ಗುಲಗಂಜಿಯವರು ಮೀಟರು ಹಿಡಿದರು. ಮೂವತ್ತೊಂದು.

“ನಗ್ತಾ ಇಲ್ಲಪ್ಪ, ಅದಕ್ಕೆ ಜ್ವರ ಏರಿದೆ! ನೋಡಿಲ್ಲಿ, ಇಪ್ಪತ್ತೆಂಟಿದ್ದದ್ದು ಮೂವತ್ತೊಂದಾಯ್ತು. ಬಿಚ್ಚು, ಮೊದಲು ಬಿಚ್ಚು!”

“ಸಾರ್, ಮೀಟರ್ ಸರಿಯಾಗಿದ್ಯಾ ಒಂದ್ಸಲ...”

ಗುಲಗಂಜಿಯವರು ಮಾತಾಡದೆ ಮೀಟರನ್ನು ಅವನ ಮೂಗಿನ ಮುಂದೆ ಹಿಡಿದು, ಅರಗಿನ ಮೇಲಿನ ಮುದ್ರೆಯನ್ನು ಬೆರಳಿನಿಂದ ತೋರಿಸಿದರು. ಜೀವಮಾನದಲ್ಲಿ ಮೊದಲ ಸಲ ಮೇಸ್ತ್ರಿಗೆ ತನ್ನ ಕಿವಿಯ ಮೇಲೆ ಅನುಮಾನ ಬಂತು. ಹೊಸದನ್ನು ಬಿಚ್ಚಿದ, ಕೆಟ್ಟುಹೋಗಿದ್ದ ಹಳೆಯದನ್ನೇ ಮತ್ತೆ ಕೂರಿಸಿದ. ಮೀಟರು ಇಪ್ಪತ್ತೆಂಟಕ್ಕೆ ಇಳಿಯಿತು.

“ನೋಡಿದ್ಯಾ, ಇಳೀತು. ಇನ್ನು ತಾನಾಗೇ ಹನ್ನೆರಡಕ್ಕೆ ಬರತ್ತೆ” ಎಂದರು ಗುಲಗಂಜಿಯವರು, ಪಥ್ಯ ಹೇಳುವ ವೈದ್ಯರ ದನಿಯಲ್ಲಿ. ಮೇಸ್ತ್ರಿ ಹೊಸ ತುಂಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು, “ನನ್ನ ಬಲ್ಬು?” ಎಂದ. “ವಿಚಾರಣೆ ನಡೀತಿದೆ” ಎಂಬ ಉತ್ತರ ಬಂತು. ಅವನು ಹೋದ. ಹೋಗುವಾಗ ಗೇಟಿಗೆ ಕಿವಿ ಹಚ್ಚಲಿಲ್ಲ ಎನ್ನುವುದೊಂದೇ ಸಮಾಧಾನ.

ಗುಲಗಂಜಿಯವರಿದ್ದ ಕಟ್ಟಡದಲ್ಲಿ ಇನ್ನೂ ಕೆಲವು ಸಂಸಾರಗಳಿದ್ದವು. ಸಂಸಾರಗಳಿದ್ದ ಮೇಲೆ ಬಾಲ್ಕನಿಗಳೂ ಇದ್ದವು, ಬಾಲ್ಕನಿಗಳಲ್ಲಿ ಕಣ್ಣುಗಳೂ. ‘ಇಪ್ಪತ್ತೆಂಟಂತೆ’ ಎಂಬ ಸುದ್ದಿ ಕತ್ತಲಾಗುವಷ್ಟರಲ್ಲಿ ಮೇಲಿನ ಮಹಡಿ ತಲುಪಿತು. ಮಹಡಿಯಿಂದ ಇಳಿಯುವಾಗ ಅದು ‘ಇನ್ನೂರ ಎಂಬತ್ತಂತೆ’ ಆಗಿತ್ತು.

ಮರುದಿನ ಮೊದಲು ಬಂದವರು ಕಟ್ಟಡದ ಸಂಘದ ಕಾರ್ಯದರ್ಶಿ. ಎಲ್ಲ ಅನಾಹುತವನ್ನೂ ಮೊದಲೇ ಊಹಿಸಿ, ಆಮೇಲೆ ‘ನಾನು ಹೇಳಿರಲಿಲ್ವಾ’ ಎನ್ನುವುದಕ್ಕೆಂದೇ ಬದುಕಿದ್ದವರು.

“ಗುಲಗಂಜಿಯವರೇ, ನಿಮ್ಮ ಗಾಡಿಯಿಂದ ಕರೆಂಟು ನೆಲಕ್ಕೆ ಸೋರ್ತಿದೆ. ಬೆಳಿಗ್ಗೆ ಬರಿಗಾಲಲ್ಲಿ ಅಂಗಳಕ್ಕೆ ಬಂದೆ, ಕಾಲು ಜುಂ ಅಂತು.”

“ಚಳಿಗೆ ಇರಬಹುದು.”

“ಚಳಿಗೆ ಜುಂ ಅನ್ನಲ್ಲ ಸ್ವಾಮಿ, ಗಡ ಗಡ ಅನ್ನತ್ತೆ. ಗಾಡಿ ಆಚೆ ಹಾಕಿ.”

ಅಷ್ಟರಲ್ಲಿ ಮಹಡಿಯ ಅಜ್ಜಿ ಕೋಲೂರಿಕೊಂಡು ಇಳಿದು ಬಂದಳು. “ಯಾರಪ್ಪ ಆಚೆ ಹಾಕೋನು? ಈ ಗಾಡಿ ಪಕ್ಕ ಬಿಸಿಲಿಗೆ ಅಂತ ಕೂತೆ, ನನ್ನ ಮಂಡಿ ನೋವು ಅರ್ಧಕ್ಕೆ ಇಳಿದಿದೆ. ಹಾಗೇನಾದ್ರೂ ತೆಗೆದ್ರೆ ನಾನು ಇದರ ಚಕ್ರದ ಕೆಳಗೇ ಮಲಗ್ತೀನಿ.”

“ಅಜ್ಜೀ, ಅದು ಅಪಾಯ!”

“ನನ್ನ ವಯಸ್ಸಿಗೆ ಅಪಾಯ ಬಂದು ನೋಡಿ ಹೋಗಿದೆ ಕಣೋ. ಮತ್ತೇ, ಅಷ್ಟೊಂದು ಕರೆಂಟು ಸುಮ್ನೆ ಹಾಳಾಗೋ ಬದಲು ಮೆಟ್ಟಿಲ ದೀಪಕ್ಕೊಂದು ವೈರು ಎಳೀರಿ. ಅದು ಕೆಟ್ಟು ಎಷ್ಟು ಕಾಲ ಆಯ್ತು? ನೀನು ಕಾರ್ಯದರ್ಶಿ, ಎಷ್ಟು ಸಲ ಹೇಳಿದ್ರೂ ನಿನಗೆ ಕೇಳ್ಸಿಲ್ಲ.”

ಅಲ್ಲಿಂದ ಕಟ್ಟಡ ಎರಡು ಪಕ್ಷವಾಯಿತು. ಗಾಡಿಯನ್ನು ಹೊರಗೆ ಹಾಕಬೇಕೆನ್ನುವವರು ಕೆಳಗಿನ ಮನೆಯವರು. ಅದರಿಂದ ವೈರು ಎಳೆಯಬೇಕೆನ್ನುವವರು ಮೇಲಿನವರು. ಗುಲಗಂಜಿಯವರು ನಡುವೆ ನಿಂತು, ಅಳತೆ ತಮ್ಮದು, ತೀರ್ಮಾನ ದೇವರದು ಎಂದು ಗಂಭೀರವಾಗಿ ಸುಮ್ಮನಿದ್ದರು. ಗಾಡಿ ಮಾತ್ರ ಬೆಳಗಾದರೆ ‘ಟಿಕ್’ ಎನ್ನುತ್ತಿತ್ತು. ಎರಡು ಪಕ್ಷದವರೂ ಸೇರಿ ನೂಕುತ್ತಿದ್ದರು.

ಕಾರ್ಯದರ್ಶಿ ಸುಮ್ಮನೆ ಕೂರಲಿಲ್ಲ. ವಿದ್ಯುತ್ ಕಚೇರಿಗೆ ದೂರು ಕೊಟ್ಟರು. ಶನಿವಾರ ಅಲ್ಲಿಂದ ಒಬ್ಬ ಪರಿಶೀಲಕರು ಬಂದರು. ದಪ್ಪ ಮನುಷ್ಯ, ಕೈಗೆ ರಬ್ಬರಿನ ಗವಸು, ಕಂಕುಳಲ್ಲಿ ಫೈಲು. ಗಾಡಿಯಿಂದ ಒಂದು ಮಾರು ದೂರ ನಿಂತು ವಿಚಾರಿಸಿದರು.

“ಪರವಾನಗಿ ಇಲ್ಲದೆ ವಿದ್ಯುತ್ ಉತ್ಪಾದನೆ ಮಾಡ್ತಿದೀರಂತೆ?”

“ನಾನಲ್ಲ ಸಾರ್, ಗಾಡಿ.”

“ಗಾಡಿ ಯಾರದು?”

“ಮಾವನದು.”

“ಅಂದ್ರೆ ಕುಟುಂಬದವರೆಲ್ಲ ಸೇರಿದೀರ” ಎಂದು ಪರಿಶೀಲಕರು ಫೈಲಿನ ಮೇಲೆ ತಟ್ಟಿದರು. “ಮೀಟರ್ ಕೊಡಿ, ನಾನೇ ನೋಡ್ತೀನಿ. ನಮ್ಮದು ರಿಪೇರಿಗೆ ಹೋಗಿದೆ.” ಮೀಟರನ್ನು ಕೈಗೆ ತೆಗೆದುಕೊಂಡವರು ಅರಗನ್ನು ಕಂಡು ಬೆನ್ನು ನೆಟ್ಟಗೆ ಮಾಡಿದರು. “ಓಹೋ, ಸರ್ಕಾರಿ ಮುದ್ರೆಯೇ ಇದೆ. ಹಾಗಾದ್ರೆ ಸರಿ.”

ಗವಸಿನ ಕೈಯಲ್ಲಿ ಕೆಂಪು ಯಾವುದು ಕಪ್ಪು ಯಾವುದು ಎಂದು ಅವರು ಲೆಕ್ಕಿಸಲಿಲ್ಲ. ಅದಲುಬದಲಾಗಿ ತಾಗಿಸಿದರು. ಸೊನ್ನೆ ಮೂಡಿತು.

“ಇದರಲ್ಲಿ ಕರೆಂಟೇ ಇಲ್ಲವಲ್ರೀ?”

“ಈಗಷ್ಟೇ ಇಪ್ಪತ್ತೇಳಕ್ಕೆ ಇಳಿದಿತ್ತು ಸಾರ್!”

“ಮುದ್ರೆ ಇರೋ ಮೀಟರು ಸುಳ್ಳು ಹೇಳತ್ತಾ?”

ತಮ್ಮ ಮುದ್ರೆ ಸುಳ್ಳು ಹೇಳುತ್ತದೆ ಎನ್ನಲು ಗುಲಗಂಜಿಯವರ ನಾಲಗೆ ಏಳಲಿಲ್ಲ. ಪರಿಶೀಲಕರು ಹುಬ್ಬು ಗಂಟಿಕ್ಕಿ, ಗಾಡಿಗೊಂದು ಸುತ್ತು ಹಾಕಿ, ಕಾರ್ಯದರ್ಶಿಯನ್ನು ಕೇಳಿದರು: “ಇದು ಓಡತ್ತಾ?”

“ನೂಕಿದ್ರೆ ಓಡತ್ತೆ.”

“ಒಳಗೆ ಕರೆಂಟಿಲ್ಲ, ಆದ್ರೂ ಓಡತ್ತೆ. ಇನ್ನೇನು ಉಳೀತು?” ಅವರ ಮುಖದಲ್ಲಿ ಮೆಲ್ಲನೆ ಬೆಳಕು ಮೂಡಿತು. “ಕಳ್ಳತನ. ಕಟ್ಟಡದ ಲೈನಿಂದ ಎಳೀತಿದೆ. ನಿಮ್ಮ ಮೆಟ್ಟಿಲ ದೀಪ ಯಾಕೆ ಉರೀತಿಲ್ಲ ಅಂತ ಈಗ ಗೊತ್ತಾಯ್ತಲ್ಲ?”

“ನಾನು ಹೇಳಿರಲಿಲ್ವಾ!” ಎಂದರು ಕಾರ್ಯದರ್ಶಿ. ಅವರು ಹೇಳಿರಲಿಲ್ಲ, ಆದರೆ ಆ ಹೊತ್ತಿನ ಉತ್ಸಾಹದಲ್ಲಿ ಎಲ್ಲರಿಗೂ ಹೇಳಿದ್ದರೆಂದೇ ನೆನಪಾಯಿತು. ಸೋಮವಾರದೊಳಗೆ ಗಾಡಿ ಈ ಜಾಗ ಬಿಡಬೇಕು ಎಂದು ಪರಿಶೀಲಕರು ಅಪ್ಪಣೆ ಕೊಟ್ಟು ಹೊರಟರು.

ಭಾನುವಾರ ಬಂತು, ಮಾವನವರು ಬಂದರು, ಜೊತೆಗೆ ಷಡ್ಡಕನೂ ಬಂದ. ಷಡ್ಡಕ ಹೊಸ ಅಂಗಿ ತೊಟ್ಟಿದ್ದ. ಗಾಡಿ ಮೇಲೆ ಹೋಗುವವನು ತೊಡುವಂಥ ಅಂಗಿ. ಮಾವನವರು ಒಳಗೂ ಬರದೆ ಅಂಗಳದಲ್ಲಿ ನಿಂತು, ಪೊರೆಯ ಕಣ್ಣು ಕಿರಿದು ಮಾಡಿ, “ಹೊರಡಿಸಿ ನೋಡೋಣ” ಎಂದರು, ನಿಲ್ದಾಣದಲ್ಲಿ ಹಸಿರು ನಿಶಾನೆ ಕಂಡವರ ದನಿಯಲ್ಲಿ.

ಗುಲಗಂಜಿಯವರು ಗುಂಡಿ ಒತ್ತಿದರು. ಟಿಕ್. ಕಿಕ್ ಒದೆದರು. ಮತ್ತೆ ಒದೆದರು. ಬ್ಯಾಟರಿ ಬರಿದಾಗಿದ್ದರಿಂದ ಕಿಡಿ ಹುಟ್ಟಲಿಲ್ಲ. ಬಾಲ್ಕನಿಗಳೆಲ್ಲ ತುಂಬಿದ್ದವು. ಬೆವರು ಒರೆಸಿಕೊಂಡು, “ಕರೆಂಟು ಒಂಚೂರು ಜಾಸ್ತಿಯಾಗಿದೆ ಮಾವ” ಎಂದರು.

“ನನಗೆ ಕರೆಂಟು ಗೊತ್ತಿಲ್ಲ ಅಳಿಯಂದಿರೇ. ಗಾಡಿ ಹೊರಡ್ತೋ ಇಲ್ವೋ, ಅದು ಗೊತ್ತು.” ಮಾವನವರು ಕೈ ಚಾಚಿದರು. ಗುಲಗಂಜಿಯವರು ಕೀಲಿಕೈ ತೆಗೆದು ಕೊಟ್ಟರು. ಮಾವನವರು ಅದನ್ನು ಷಡ್ಡಕನ ಅಂಗೈಯಲ್ಲಿಟ್ಟು, ಮುಗಿಯಿತು ಎಂಬ ಹಾಗೆ ಒಳಗೆ ಹೋಗಿ ಕಾಲು ಚಾಚಿ ಕೂತರು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಆಕೆ ಏನಾದರೂ ಹೇಳಿದ್ದರೆ ಗುಲಗಂಜಿಯವರಿಗೆ ಎಷ್ಟೋ ಹಗುರಾಗುತ್ತಿತ್ತು.

ಷಡ್ಡಕನಿಗೆ ಸಂತೋಷ ಉಕ್ಕಿ, ಕೈ ಸುಮ್ಮನಿರದೆ, ಒಳಗೆ ಬಂದು ಮೇಜಿನ ಮೇಲಿದ್ದ ಮೀಟರನ್ನು ಎತ್ತಿಕೊಂಡ. ಗೋಡೆಯ ಗಡಿಯಾರ ಇಳಿಸಿ, ಅದರ ಸೆಲ್ ಕಿತ್ತು, ಎರಡು ತುದಿಗೂ ವೈರು ಹಿಡಿದ. “ಅಣ್ಣಾ, ನೋಡಿಲ್ಲಿ, ಮೂರು! ಸೆಲ್ ಮೇಲೆ ಒಂದೂವರೆ ಅಂತ ಬರೆದಿದೆ. ನಿಮ್ಮನೇಲಿ ಗಡಿಯಾರದ ಸೆಲ್ಲೂ ಡಬಲ್ ಕೊಡತ್ತಲ್ಲ! ಪುಣ್ಯವಂತರು ಬಿಡಿ.” ತಿರುಗಿಸಿ ಹಿಡಿದ. “ಅರೆ, ಈಗ ಸೊನ್ನೆ. ಇದೇನಣ್ಣಾ, ಮೂಡು ಬಂದಾಗ ಕೊಡತ್ತಾ?”

ಗುಲಗಂಜಿಯವರು ಸೆಲ್ಲನ್ನು ನೋಡಿದರು. ಎರಡೂ ಸಲ ಅದೇ ಸೆಲ್ಲು, ಒಂದು ಸಲ ಮೂರು, ಒಂದು ಸಲ ಸೊನ್ನೆ. ಪೇಟೆಯ ಯಾವುದಾದರೂ ತಕ್ಕಡಿ ಹೀಗೆ ಮಾಡಿದ್ದರೆ ಅದನ್ನು ನಡುಬೀದಿಯಲ್ಲಿ ಮುರಿಸುತ್ತಿದ್ದರು. ಯಾವ ತಕ್ಕಡಿಗೇ ಆಗಲಿ, ಮುದ್ರೆ ಒತ್ತುವ ಮುಂಚೆ ಗೊತ್ತಿರುವ ತೂಕದ ಕಲ್ಲಿಟ್ಟು ನೋಡುವುದು ಅವರ ಕಚೇರಿಯ ಮೊದಲ ಪಾಠ. ಈ ಒಂದಕ್ಕೆ ಮಾತ್ರ ಅವರು ಕಲ್ಲಿಟ್ಟಿರಲಿಲ್ಲ, ನೇರ ಮುದ್ರೆಯನ್ನೇ ಒತ್ತಿದ್ದರು.

ಮೀಟರು ಇಸಿದುಕೊಂಡು ಅಡುಗೆಮನೆಯ ಮೂಲೆಗೆ ಹೋದರು. ತಿರುಪಿನ ಸುತ್ತ ಅರಗು ಕೆಂಪಗೆ, ಗಟ್ಟಿಯಾಗಿ ಕೂತಿತ್ತು. ಮುದ್ರೆ ಒಡೆಯುವುದು ಅವರ ಮಟ್ಟಿಗೆ ದೇವರ ಮನೆಯ ಬೀಗ ಒಡೆದಂತೆ. ಒಡೆದವರಿಗೆಲ್ಲ ಅವರೇ ದಂಡ ಹಾಕಿದವರು. ಒಡೆಯದೆ ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಗಾಡಿ ಹೋಗುತ್ತದೆ, ಮಾನ ಉಳಿಯುತ್ತದೆ. ಒಡೆದರೆ ಮಾನ ಹೋಗುವುದು ಖಂಡಿತ, ಗಾಡಿ ಉಳಿಯುವುದೋ ಇಲ್ಲವೋ ಹೇಳುವ ಹಾಗಿಲ್ಲ. ಇಂಥ ತಕ್ಕಡಿಯನ್ನು ಭಗವಂತ ಬಹಳ ಜನರ ಕೈಗೆ ಕೊಡುತ್ತಾನೆ. ಸರಿಯಾಗಿ ಹಿಡಿಯುವವರು ಕಡಿಮೆ.

ಹಿಂದೆ ಬಳೆಯ ಸದ್ದಾಯಿತು. ಹೆಂಡತಿ ತಲೆಯಿಂದ ಪಿನ್ನು ತೆಗೆದು ಅವರ ಮುಂದೆ ಹಿಡಿದಿದ್ದಳು.

ಗುಲಗಂಜಿಯವರು ಮುದ್ರೆಗೆ ಕಣ್ಣು ಮುಚ್ಚಿ ಕೈ ಮುಗಿದು, ಪಿನ್ನಿನಿಂದ ಅರಗನ್ನು ಎಬ್ಬಿಸಿದರು. ತಿರುಪನ್ನು ನೇರ ಗೆರೆಯ ಕಡೆ ತಿರುಗಿಸಿದರು. ಗಡಿಯಾರದ ಸೆಲ್ಲು ಒಂದೂವರೆ ತೋರಿಸಿತು. ಅಂಗಳಕ್ಕೆ ಹೋಗಿ ಬ್ಯಾಟರಿ ಹಿಡಿದರು. ಹನ್ನೊಂದೂ ಮುಕ್ಕಾಲು; ಹನ್ನೆರಡರ ಬ್ಯಾಟರಿಗೆ ಅದು ಬರಿದಾದ ಲೆಕ್ಕವೇ.

ಬಾಲ್ಕನಿಗಳನ್ನು ಒಮ್ಮೆ ನೋಡಿ ಗಂಟಲು ಸರಿಮಾಡಿಕೊಂಡರು.

“ಗಾಡೀಲಿ ಇಪ್ಪತ್ತೆಂಟು ಇರಲಿಲ್ಲ. ಯಾವತ್ತೂ ಇರಲಿಲ್ಲ. ಇರೋದೂ ಸಾಲದು. ತಪ್ಪು ಮೀಟರಿನದಲ್ಲ, ಮುದ್ರೇದು. ಮುದ್ರೆ ನಂದು.”

ಮೊದಲು ಬಾಯಿ ತೆರೆದವಳು ಅಜ್ಜಿ. “ಹಾಗಾದ್ರೆ ನನ್ನ ಮಂಡಿ ನೋವು ಕಮ್ಮಿಯಾಗಿದ್ದು?”

“ಬಿಸಿಲಿಗಿರಬೇಕು ಅಜ್ಜಿ.”

“ಛೇ, ನೋಡು, ಮತ್ತೆ ನೋಯೋಕೆ ಶುರುವಾಯ್ತು” ಎಂದು ಅಜ್ಜಿ ಕೂತುಬಿಟ್ಟಳು.

“ಹಾಗಾದ್ರೆ ಮೆಟ್ಟಿಲ ದೀಪದ ಕರೆಂಟು ಕದ್ದವರು ಯಾರು?” ಎಂದರು ಕಾರ್ಯದರ್ಶಿ, ಅಪರಾಧ ಇದೆ, ಅಪರಾಧಿ ತಪ್ಪಿಸಿಕೊಂಡ ಎಂಬ ಸಂಕಟದಲ್ಲಿ.

“ಬಲ್ಬು ಹಾಕಿಸಿ ನೋಡಿ ಸ್ವಾಮಿ” ಎನ್ನುತ್ತ ಗುಲಗಂಜಿಯವರು ಗೇಟು ದಾಟಿದ್ದರು.

ಕಿವಿ ಮೇಸ್ತ್ರಿ ರಜೆಯ ದಿನವೆಂದು ಮನೆಯ ಮುಂದೆ ಕೂತು ತಲೆಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದ. ಗುಲಗಂಜಿಯವರು ಚೀಲದಿಂದ ಟೆಸ್ಟ್ ಲ್ಯಾಂಪ್ ತೆಗೆದು ಅವನ ತೊಡೆಯ ಮೇಲಿಟ್ಟರು.

“ವಿಚಾರಣೆ ಮುಗೀತಾ ಸಾರ್?”

“ಮುಗೀತು. ಅದು ನಿರಪರಾಧಿ. ಆ ಹೊಸ ರೆಕ್ಟಿಫೈಯರ್ ಇದ್ಯಾ? ನೀನು ಹೇಳಿದ್ದೇ ಸರಿ ಕಣಪ್ಪ.”

ಮೇಸ್ತ್ರಿ ಎಣ್ಣೆಯ ಕಿವಿಯನ್ನು ಒರೆಸಿಕೊಂಡು, “ಇನ್ನೊಂದ್ಸಲ ಹೇಳಿ, ಕೇಳಿಸ್ಲಿಲ್ಲ” ಎಂದ. ಗುಲಗಂಜಿಯವರು ಇನ್ನೊಮ್ಮೆ ಹೇಳಿದರು. ಅವನ ಮುಖ ಅರಳಿತು. ಆಮೇಲೆ ಯಾಕೋ ಮುದುಡಿತು. ಹತ್ತಿರ ಬಂದು ದನಿ ತಗ್ಗಿಸಿದ.

“ನೀವು ಇಷ್ಟು ದೂರ ಬಂದು ಹೇಳಿದ್ಮೇಲೆ ನಾನೂ ನಿಜ ಹೇಳ್ಬಿಡ್ತೀನಿ ಸಾರ್. ಬೇರೆ ಯಾರೋ ತರಿಸಿ ಬೇಡ ಅಂದಿದ್ದ ರೆಕ್ಟಿಫೈಯರ್ ನನ್ನ ಹತ್ರ ಬಿದ್ದಿತ್ತು. ಬಲ್ಬು ಮಂಕು ಅಂದಿದ್ದು ನಿಜ. ಆದ್ರೆ ನನ್ನ ಹತ್ರ ಕಾಯಿಲ್ ಬಿದ್ದಿದ್ದಿದ್ರೆ ಕಾಯಿಲ್ ಹೋಗಿದೆ ಅಂತಿದ್ದೆ.”

ಆಮೇಲೆ ಮೇಸ್ತ್ರಿ ಅಂಗಿ ತೊಟ್ಟುಕೊಂಡು ಹೊರಟ.

ಅಂಗಳದಲ್ಲಿ ಈ ಸಲ ಅವನು ಕಿವಿ ಹಚ್ಚಲಿಲ್ಲ. ಹೊಸ ರೆಕ್ಟಿಫೈಯರ್ ಕೂರಿಸಿದ, ನಟ್ಟು ಬಿಗಿದ. ಎರಡು ಪಕ್ಷದವರೂ ಸೇರಿ ಗಾಡಿ ನೂಕಿದರು. ಕೀಲಿಕೈ ಷಡ್ಡಕನದಾದ್ದರಿಂದ ಸೀಟಿನ ಮೇಲೆ ಕೂತಿದ್ದವನು ಅವನೇ. ಗಾಡಿ ಗುಡುಗಿತು. ಗುಲಗಂಜಿಯವರು ಮೀಟರು ಹಿಡಿದರು. ಹದಿನಾಲ್ಕು ಮತ್ತು ಸ್ವಲ್ಪ. “ಇದೇ ಸರಿಯಾದ ಲೆಕ್ಕ” ಎಂದರು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಇಪ್ಪತ್ತೆಂಟು ಕೇಳಿದ ಕಿವಿಗೆ ಹದಿನಾಲ್ಕು ಸಪ್ಪೆಯೆನಿಸಿ ಬಾಲ್ಕನಿಗಳು ಒಂದೊಂದಾಗಿ ಖಾಲಿಯಾದವು.

ಮಾವನವರು ಕಿಟಕಿಯಿಂದಲೇ ಹೇಳಿದರು: “ನೂಕಿಸ್ಕೊಂಡು ಓಡೋದು ಓಡೋದಲ್ಲ. ಚಿಕ್ಕ ಅಳಿಯಂದಿರೇ, ಬ್ಯಾಟರಿ ತುಂಬೋ ಹಾಗೆ ಊರೆಲ್ಲ ಒಂದು ಸುತ್ತು ಹೋಗಿ ಬನ್ನಿ. ಬಂದು ನಿಲ್ಲಿಸಿ. ಆಮೇಲೆ ಗುಂಡಿ ಒತ್ತಿ. ಹೊರಟ್ರೆ ದೊಡ್ಡ ಅಳಿಯಂದಿರದು, ಹೊರಡದಿದ್ರೆ ನಿಮ್ಮದು.”

ಷಡ್ಡಕ ಹೋದ. ಊಟದ ಹೊತ್ತಾಯಿತು, ಅವನು ಬರಲಿಲ್ಲ. ಊಟ ಮುಗಿಯಿತು. ಮಾವನವರು ಮುಖದ ಮೇಲೆ ಬಟ್ಟೆ ಹಾಕಿಕೊಂಡು ನಿದ್ದೆಹೋದರು. ಹೆಂಡತಿ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಗುಲಗಂಜಿಯವರು ಮಾತ್ರ ಗೇಟಿನ ಕಲ್ಲಿನ ಮೇಲೆ ಕೂತು, ಬೀದಿಯ ತಿರುವಿನಲ್ಲಿ ಕೇಳುವ ಪ್ರತಿ ಗಾಡಿಯ ಸದ್ದಿಗೂ ಕತ್ತು ಚಾಚುತ್ತಿದ್ದರು. ಮೋಡ ಯಾವಾಗಲೋ ಚದುರಿ ಅಂಗಳಕ್ಕೆ ತೆಳ್ಳನೆಯ ಬಿಸಿಲು ಬಿದ್ದಿತ್ತು.

ಕೊನೆಗೆ ಷಡ್ಡಕ ಬಂದ. ಹೊಸ ಅಂಗಿಯೆಲ್ಲ ಧೂಳು, ಮುಖದಲ್ಲಿ ಮಾತ್ರ ಚಿಕ್ಕ ಹುಡುಗನ ಕಳೆ. ಗಾಡಿ ನಿಲ್ಲಿಸಿದ. ಕೀಲಿ ತಿರುವಿ, ಗುಂಡಿಯ ಮೇಲೆ ಬೆರಳಿಟ್ಟ. ಒತ್ತಿದ. ‘ಟಿಕ್’ ಎನ್ನುವುದನ್ನು ಮರೆತ ಗಾಡಿ ಒಂದೇ ಉಸಿರಿಗೆ ಗುಡುಗಿ, ಹದವಾಗಿ ನಿಂತು ಉಸಿರಾಡತೊಡಗಿತು.

ಬಾಲ್ಕನಿಗಳಲ್ಲಿ ಯಾರೂ ಇರಲಿಲ್ಲ. ಒಳಗಿನಿಂದ ಮಾವನವರ ಗೊರಕೆ ಏಳುತ್ತ ಇಳಿಯುತ್ತ ಇತ್ತು. ಗಾಡಿ ಹೊರಡಲಿಲ್ಲ ಎಂದು ಅವನು ಒಳಗೆ ಹೋಗಿ ಹೇಳಿದ್ದರೆ, ಗುಲಗಂಜಿಯವರ ಈ ವಾರದ ಮಾತನ್ನೆಲ್ಲ ಕೇಳಿದ ಮೇಲೆ, ನಂಬದವರು ಯಾರು? ಷಡ್ಡಕ ಸ್ವಲ್ಪ ಹೊತ್ತು ಟ್ಯಾಂಕನ್ನು ಸವರುತ್ತ ಕೂತಿದ್ದ. ಆಮೇಲೆ ಇಂಜಿನ್ ನಿಲ್ಲಿಸಿ ಇಳಿದ. ಕೀಲಿಕೈಯನ್ನು ಅಂಗಿಯ ತುದಿಯಿಂದ ಒರೆಸಿ, ಗುಲಗಂಜಿಯವರ ಅಂಗೈಯನ್ನು ಬಿಡಿಸಿ ಅದರಲ್ಲಿಟ್ಟು, ಬೆರಳುಗಳನ್ನು ಮಡಿಚಿ, ಊಟಕ್ಕೆ ಕೈ ತೊಳೆಯಲು ಹಿತ್ತಲ ಕಡೆ ನಡೆದ.